ವೈದ್ಯರ ಕಲಿಕೆಯೂ ಊರಿನ ಸೌಕರ್ಯ: ಬಳ್ಳಾರಿ ಜಿಲ್ಲೆಯ ಹಳೆಯ ಪಾಠ, ಗ್ರಾಮ ಪಂಚಾಯಿತಿಯ ಇಂದಿನ ಕೆಲಸ

(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ)

ಗ್ರಾಮ ಪಂಚಾಯಿತಿಯ ಸಾಮಾನ್ಯ ಸಭೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವಿಷಯ ಬಂದಾಗ ಕೇಳಿಬರುವ ಪ್ರಶ್ನೆಗಳು ಬಹುತೇಕ ಒಂದೇ ಬಗೆಯವು. ಕಟ್ಟಡ ಸೋರುತ್ತಿದೆಯೇ, ನೀರಿನ ಸಂಪರ್ಕ ಇದೆಯೇ, ವೈದ್ಯರು ಸಮಯಕ್ಕೆ ಬರುತ್ತಿದ್ದಾರೆಯೇ, ಆಂಬುಲೆನ್ಸ್ ಎಲ್ಲಿ ನಿಲ್ಲುತ್ತದೆ. ಇವೆಲ್ಲ ಕೇಳಲೇಬೇಕಾದ ಪ್ರಶ್ನೆಗಳು. ಆದರೆ ಮತ್ತೊಂದು ಪ್ರಶ್ನೆ ಸಭೆಯ ನಡಾವಳಿಯಲ್ಲಿ ಕಾಣಸಿಗುವುದು ಅಪರೂಪ: ಕೇಂದ್ರದ ವೈದ್ಯಾಧಿಕಾರಿಗಳು ಕಡೆಯ ಬಾರಿ ತರಬೇತಿಗೆ ಹೋದದ್ದು ಯಾವಾಗ, ಯಾವ ರೋಗದ ಬಗ್ಗೆ, ಅಲ್ಲಿ ಕಲಿತದ್ದನ್ನು ಕೇಂದ್ರದಲ್ಲಿ ನಡೆಸಲು ಬೇಕಾದ ಮಾತ್ರೆ ಮತ್ತು ಉಪಕರಣಗಳು ಇವೆಯೇ?

ಓದಿ ಪದವಿ ಪಡೆದ ವೈದ್ಯರಿಗೆ ಇಂತಹ ಪ್ರಶ್ನೆ ಕೇಳುವುದು ಅವಿನಯವೆಂದು ಹಲವರು ಹಿಂಜರಿಯುತ್ತಾರೆ. ಹಿಂಜರಿಯಬೇಕಾಗಿಲ್ಲ. ಊರಿನ ಶುದ್ಧ ಕುಡಿಯುವ ನೀರಿನ ಘಟಕವನ್ನು ಸ್ಥಾಪಿಸಿದ ದಿನ ಅದು ಎಷ್ಟು ಚೆನ್ನಾಗಿ ಕೆಲಸ ಮಾಡಿದರೂ, ಕಾಲಕಾಲಕ್ಕೆ ಅದರ ಪೊರೆಯನ್ನು ಬದಲಿಸದಿದ್ದರೆ ನೀರು ಬರುತ್ತಲೇ ಇರುತ್ತದೆ, ಆದರೆ ಶುದ್ಧವಾಗಿರುವುದಿಲ್ಲ. ಹೊರಗಿನಿಂದ ನೋಡಿದವರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ವೈದ್ಯಕೀಯ ಜ್ಞಾನದ ಸ್ಥಿತಿಯೂ ಹೀಗೆಯೇ. ಇದು ವೈದ್ಯರ ಲೋಪವಲ್ಲ, ಶಾಸ್ತ್ರವೇ ಬದಲಾಗುತ್ತಿರುತ್ತದೆ.

ಹಳತಾಗುವ ಜ್ಞಾನ

ಕೆಲವು ಉದಾಹರಣೆಗಳಿಂದ ವಿಷಯ ಸ್ಪಷ್ಟವಾಗುತ್ತದೆ. ರಕ್ತದೊತ್ತಡ ಬಹಳ ಏರಿದಾಗ ನಿಫೆಡಿಪಿನ್ ಕ್ಯಾಪ್ಸೂಲನ್ನು ಕಚ್ಚಿಸಿ ಅಥವಾ ನಾಲಿಗೆಯ ಕೆಳಗಿಟ್ಟು ಒಮ್ಮೆಲೇ ಇಳಿಸುವ ಪದ್ಧತಿ ಒಂದು ಕಾಲದಲ್ಲಿ ಎಲ್ಲೆಡೆ ಇತ್ತು. ಒತ್ತಡ ಹಠಾತ್ತಾಗಿ ಕುಸಿದರೆ ಮಿದುಳಿಗೂ ಹೃದಯಕ್ಕೂ ರಕ್ತ ಸಾಲದೆ ಹೊಸ ಅಪಾಯ ಉಂಟಾಗುತ್ತದೆಂದು ಕಂಡುಬಂದು, 1990ರ ದಶಕದಲ್ಲಿಯೇ ಅದನ್ನು ಕೈಬಿಡಬೇಕೆಂದು ತಜ್ಞರು ಹೇಳಿದರು. ಅಟೆನಲಾಲ್ ಮಾತ್ರೆಯು ರಕ್ತದೊತ್ತಡಕ್ಕೆ ಮೊದಲ ಆಯ್ಕೆಯಾಗಿದ್ದ ಕಾಲವೂ ಇತ್ತು. ಈಗ ಬೇರೆ ಕಾರಣವಿಲ್ಲದಿದ್ದರೆ ಅದರಿಂದ ಆರಂಭಿಸುವುದಿಲ್ಲ. ಹೃದಯದ ತೊಂದರೆ ಎಂದೂ ಕಾಣಿಸಿಕೊಳ್ಳದ ಹಿರಿಯರಿಗೂ ಮುನ್ನೆಚ್ಚರಿಕೆಯಾಗಿ ಆಸ್ಪಿರಿನ್ ಬರೆಯುವುದು ರೂಢಿಯಲ್ಲಿತ್ತು. 2018ರಲ್ಲಿ ಹೊರಬಂದ ಮೂರು ದೊಡ್ಡ ಅಧ್ಯಯನಗಳು ಅಂತಹವರಲ್ಲಿ ರಕ್ತಸ್ರಾವದ ಹಾನಿಯು ಲಾಭವನ್ನು ಬಹುಮಟ್ಟಿಗೆ ನುಂಗಿಹಾಕುತ್ತದೆಂದು ತೋರಿಸಿದವು. ಕ್ಷಯರೋಗಕ್ಕೆ ವಾರಕ್ಕೆ ಮೂರು ದಿನ ಕೊಡುತ್ತಿದ್ದ ಮಾತ್ರೆಗಳು 2017ರಲ್ಲಿ ದೇಶದಾದ್ಯಂತ ಪ್ರತಿದಿನದ ಕ್ರಮಕ್ಕೆ ಬದಲಾದವು. ಮಧುಮೇಹಕ್ಕೆ ಅಗ್ಗವಾಗಿ ದೊರೆಯುವ ಗ್ಲಿಬೆನ್‌ಕ್ಲಮೈಡ್ ಮಾತ್ರೆಯು ಮೂತ್ರಪಿಂಡ ಸೋತ ವೃದ್ಧರಲ್ಲಿ ಸಕ್ಕರೆಯನ್ನು ಅಪಾಯಕಾರಿ ಮಟ್ಟಕ್ಕೆ ಇಳಿಸಿಬಿಡುತ್ತದೆ ಎಂಬುದು ಇಂದು ವೈದ್ಯರು ನೆನಪಿಡಲೇಬೇಕಾದ ಸಂಗತಿ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಈ ಲೇಖನವನ್ನು ಓದಿ ಯಾವ ಸದಸ್ಯರೂ ಯಾರ ಮಾತ್ರೆಯನ್ನೂ ನಿಲ್ಲಿಸಲು ಹೇಳಕೂಡದು. ಒಮ್ಮೆ ಹೃದಯಾಘಾತವಾದವರು, ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಆಸ್ಪಿರಿನ್ ಬಿಟ್ಟರೆ ಜೀವಕ್ಕೇ ಅಪಾಯ. ಯಾರಿಗೆ ಯಾವುದು ಎಂಬುದು ವೈದ್ಯರ ತೀರ್ಮಾನ. ಆ ತೀರ್ಮಾನವು ಇಂದಿನ ತಿಳಿವಳಿಕೆಯ ಮೇಲೆ ನಿಲ್ಲುವಂತೆ ಅನುಕೂಲ ಕಲ್ಪಿಸುವುದು ಮಾತ್ರ ಸ್ಥಳೀಯ ಆಡಳಿತದ ಪಾಲಿನ ಕೆಲಸ.

ಬಳ್ಳಾರಿ ಜಿಲ್ಲೆ ದೇಶಕ್ಕೆ ಕೊಟ್ಟ ಮಾದರಿ

ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಹೊಸ ವಿಷಯವನ್ನು ಕಲಿಸಿ, ಅದು ಮರೆಯದಂತೆ ನೋಡಿಕೊಳ್ಳುವುದು ಹೇಗೆ ಎಂಬುದಕ್ಕೆ ದೂರದ ಉದಾಹರಣೆ ಬೇಕಾಗಿಲ್ಲ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳೆಲ್ಲ ಒಂದೇ ಜಿಲ್ಲೆಯಲ್ಲಿದ್ದ ಕಾಲದಲ್ಲಿ, ಇದೇ ನೆಲದಲ್ಲಿ ನಡೆದ ಪ್ರಯೋಗವೊಂದು ಮುಂದೆ ರಾಷ್ಟ್ರೀಯ ಕಾರ್ಯಕ್ರಮವಾಯಿತು. ಈ ಸಂಗತಿ ನಮ್ಮ ಭಾಗದ ಜನರಿಗೇ ಹೆಚ್ಚು ತಿಳಿದಿಲ್ಲ ಎಂಬುದು ಸ್ವಲ್ಪ ಬೇಸರದ ವಿಷಯ.

1982ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ರೂಪಿಸಿತು. ಮನೋವೈದ್ಯರು ದೇಶದಲ್ಲಿ ಬೆರಳೆಣಿಕೆಯಷ್ಟಿದ್ದರು, ಇದ್ದವರೂ ನಗರಗಳಲ್ಲಿದ್ದರು. ಹಳ್ಳಿಯ ರೋಗಿಗೆ ಚಿಕಿತ್ಸೆ ಸಿಗಬೇಕಾದರೆ ಹತ್ತಿರದ ಸಾಮಾನ್ಯ ವೈದ್ಯರೇ ಕಲಿಯಬೇಕಾಗಿತ್ತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಅದಕ್ಕೂ ಮೊದಲೇ, 1970ರ ದಶಕದಲ್ಲಿ, ಬೆಂಗಳೂರಿನ ಸಮೀಪದ ಸಕಲವಾರದಲ್ಲಿ ಗ್ರಾಮೀಣ ಕೇಂದ್ರ ತೆರೆದು ಈ ವಿಧಾನವನ್ನು ಸಣ್ಣ ಪ್ರಮಾಣದಲ್ಲಿ ಪರೀಕ್ಷಿಸಿತ್ತು. ಆದರೆ ತಜ್ಞರು ಜೊತೆಯಲ್ಲೇ ಇರುವ ಒಂದು ಕೇಂದ್ರದಲ್ಲಿ ಯಶಸ್ವಿಯಾದದ್ದು ಇಡೀ ಜಿಲ್ಲೆಯಲ್ಲಿ, ಸರ್ಕಾರಿ ವ್ಯವಸ್ಥೆಯ ಎಲ್ಲ ಕೊರತೆಗಳ ನಡುವೆ, ನಡೆಯುವುದೇ ಎಂಬ ಪ್ರಶ್ನೆ ಉಳಿದಿತ್ತು. ಅದಕ್ಕೆ ಉತ್ತರ ಹುಡುಕಲು ಆಯ್ದುಕೊಂಡದ್ದು ಬಳ್ಳಾರಿ ಜಿಲ್ಲೆಯನ್ನು. 1981ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ ಸುಮಾರು 15 ಲಕ್ಷ. 1980ರ ದಶಕದ ನಡುವಿನಿಂದ 1990ರವರೆಗೆ ಈ ಪ್ರಯೋಗ ನಡೆಯಿತು.

ಅದರ ವಿಧಾನವನ್ನು ಸದಸ್ಯರು ಸ್ವಲ್ಪ ನಿಧಾನವಾಗಿ ಗಮನಿಸುವುದು ಒಳ್ಳೆಯದು. ಮೊದಲನೆಯದಾಗಿ, ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಇತರ ಸಿಬ್ಬಂದಿಗೂ ತರಬೇತಿ ನೀಡಲಾಯಿತು. ಮನೋವೈದ್ಯಶಾಸ್ತ್ರವನ್ನೆಲ್ಲ ಅವರ ತಲೆಗೆ ತುಂಬುವ ಉದ್ದೇಶ ಅಲ್ಲಿರಲಿಲ್ಲ. ತೀವ್ರ ಮಾನಸಿಕ ಕಾಯಿಲೆ, ಖಿನ್ನತೆ, ಮೂರ್ಛೆರೋಗ ಮುಂತಾಗಿ ಹೊರರೋಗಿಗಳ ಸಾಲಿನಲ್ಲಿ ನಿಜವಾಗಿ ಎದುರಾಗುವ ಕೆಲವನ್ನೇ ಗುರುತಿಸಿ ಚಿಕಿತ್ಸೆ ಆರಂಭಿಸುವಷ್ಟು ಕಲಿಸಲಾಯಿತು. ಎರಡನೆಯದಾಗಿ, ಕಲಿತದ್ದನ್ನು ಬಳಸಲು ಬೇಕಾದ ಔಷಧಗಳು ಕೈಯಳತೆಯಲ್ಲಿ ಇರುವಂತೆ ಮಾಡಲಾಯಿತು. ಅವು ಕೇವಲ ಆರು: ಕ್ಲೋರ್‌ಪ್ರೊಮಜಿನ್, ಅಮಿಟ್ರಿಪ್ಟಿಲಿನ್, ಟ್ರೈಹೆಕ್ಸಿಫೆನಿಡಿಲ್, ಫ್ಲುಫೆನಜಿನ್ ಚುಚ್ಚುಮದ್ದು, ಫೀನೊಬಾರ್ಬಿಟೋನ್ ಮತ್ತು ಫೆನಿಟಾಯಿನ್. ಔಷಧದ ಪಟ್ಟಿ ಚಿಕ್ಕದಾದ್ದರಿಂದ ಸರಬರಾಜು ಸುಲಭವಾಯಿತು, ವೈದ್ಯರಿಗೆ ನೆನಪಿಡುವುದೂ ಸುಲಭವಾಯಿತು. ಮೂರನೆಯದಾಗಿ, ಪ್ರತಿ ರೋಗಿಗೂ ಸರಳವಾದ ದಾಖಲೆ ಪತ್ರ ಮತ್ತು ತಿಂಗಳ ವರದಿ. ನಾಲ್ಕನೆಯದಾಗಿ, ಜಿಲ್ಲಾ ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯ ಚಿಕಿತ್ಸಾಲಯ. ಕೇಂದ್ರದ ವೈದ್ಯರಿಗೆ ಕಠಿಣವೆನಿಸಿದ ರೋಗಿಗಳನ್ನು ಅಲ್ಲಿಗೆ ಕಳುಹಿಸಬಹುದಿತ್ತು. ಜಿಲ್ಲಾ ಮಟ್ಟದ ತಂಡವು ಕೇಂದ್ರಗಳ ಕೆಲಸವನ್ನು ಗಮನಿಸಿ ಸಲಹೆ ನೀಡುತ್ತಿತ್ತು.

ಐದನೆಯ ಅಂಶ ಮೇಲ್ನೋಟಕ್ಕೆ ಅತ್ಯಂತ ಸಪ್ಪೆಯಾದದ್ದು. ಆದರೆ ಆಡಳಿತದ ದೃಷ್ಟಿಯಿಂದ ಅದೇ ಮುಖ್ಯ. ವೈದ್ಯಾಧಿಕಾರಿಗಳ ಮಾಸಿಕ ಸಭೆಯಲ್ಲಿ ಜಿಲ್ಲಾ ಆರೋಗ್ಯಾಧಿಕಾರಿಗಳು ಈ ಕಾರ್ಯಕ್ರಮವನ್ನು ಪ್ರತಿ ತಿಂಗಳೂ ಪರಿಶೀಲಿಸುತ್ತಿದ್ದರು. ಹೊಸ ಸಭೆಯನ್ನೇನೂ ಸೃಷ್ಟಿಸಲಿಲ್ಲ. ಮೊದಲಿನಿಂದಲೂ ನಡೆಯುತ್ತಿದ್ದ ಸಭೆಯ ಕಾರ್ಯಸೂಚಿಗೆ ಒಂದು ವಿಷಯವನ್ನು ಖಾಯಂ ಆಗಿ ಸೇರಿಸಲಾಯಿತು, ಅಷ್ಟೇ. ತರಬೇತಿಯಲ್ಲಿ ಕಲಿತದ್ದನ್ನು ಮುಂದಿನ ತಿಂಗಳು ಯಾರೋ ಕೇಳುತ್ತಾರೆ ಎಂಬ ತಿಳಿವು ಕಲಿಕೆಯನ್ನು ಜೀವಂತವಾಗಿ ಇಟ್ಟಿತು.

1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ಮೊದಲು ನಾಲ್ಕು ಜಿಲ್ಲೆಗಳಲ್ಲಿ ಆರಂಭವಾದಾಗ ಅದಕ್ಕೆ ಆಧಾರವಾದದ್ದು ಈ 'ಬಳ್ಳಾರಿ ಮಾದರಿ'. ಇಂದಿಗೂ ಮನೋವೈದ್ಯಶಾಸ್ತ್ರದ ವಿದ್ಯಾರ್ಥಿಗಳು ಈ ಹೆಸರನ್ನು ಓದುತ್ತಾರೆ. ದೇಶದಾದ್ಯಂತ ವಿಸ್ತರಿಸುವಾಗ ಐದೂ ಅಂಶಗಳು ಎಲ್ಲೆಡೆ ಉಳಿಯಲಿಲ್ಲ. ತರಬೇತಿ ಒಮ್ಮೆ ನಡೆದು ನಿಂತಲ್ಲಿ, ಔಷಧ ಮುಗಿದಲ್ಲಿ, ಕೆಲಸ ಜಿಲ್ಲಾ ಆಸ್ಪತ್ರೆಯ ಕೊಠಡಿಗೇ ಸೀಮಿತವಾಯಿತೆಂಬ ಟೀಕೆ ಬಂದಿದೆ. ತರಬೇತಿ, ಔಷಧ, ದಾಖಲೆ, ತಜ್ಞರ ಬೆಂಬಲ, ಮಾಸಿಕ ಪರಿಶೀಲನೆ ಇವುಗಳಲ್ಲಿ ಒಂದು ಕಳಚಿದರೂ ಉಳಿದವು ಸಡಿಲವಾಗುತ್ತವೆ. ರಕ್ತದೊತ್ತಡ, ಮಧುಮೇಹಗಳ ವಿಷಯದಲ್ಲಿ ಇಂದು ಅನ್ವಯಿಸಬೇಕಾದ ಪಾಠ ಇದೇ.

ಲೆಕ್ಕ ಏನು ಹೇಳುತ್ತದೆ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ದೇಶದಾದ್ಯಂತ ನಡೆದ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರಂತೆ ವಯಸ್ಕರಲ್ಲಿ ಶೇ. 11.4ರಷ್ಟು ಜನರಿಗೆ ಮಧುಮೇಹ, ಶೇ. 35.5ರಷ್ಟು ಜನರಿಗೆ ಅಧಿಕ ರಕ್ತದೊತ್ತಡ ಇದೆ. ಬಯಲು ಪ್ರದೇಶದಲ್ಲಿ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 30 ಸಾವಿರ ಜನಸಂಖ್ಯೆ ಎಂಬುದು ಮಾನದಂಡ. ಅವರಲ್ಲಿ 20 ಸಾವಿರ ವಯಸ್ಕರೆಂದು ಹಿಡಿಯೋಣ. ಹಳ್ಳಿಯಲ್ಲಿ ಪ್ರಮಾಣ ಕಡಿಮೆಯೆಂದು ಭಾವಿಸಿ ನಾಲ್ವರಲ್ಲಿ ಒಬ್ಬರಿಗೆ ಮಾತ್ರ ರಕ್ತದೊತ್ತಡವಿದೆ ಎಂದುಕೊಂಡರೂ 5 ಸಾವಿರ ಜನ. ಪ್ರತಿಯೊಬ್ಬರೂ ತಿಂಗಳಿಗೊಮ್ಮೆ ಬಂದರೆ, ತಿಂಗಳಿಗೆ 25 ಕೆಲಸದ ದಿನಗಳಂತೆ ದಿನಕ್ಕೆ 200 ಮಂದಿ. ಜ್ವರ, ಗಾಯ, ಗರ್ಭಿಣಿಯರ ತಪಾಸಣೆ ಎಲ್ಲವೂ ಇದರ ಹೊರಗೆ.

ಒಬ್ಬ ವೈದ್ಯರಿಂದ ಇದು ಸಾಧ್ಯವಿಲ್ಲವೆಂದು ತಿಳಿಯಲು ಹೆಚ್ಚಿನ ಗಣಿತ ಬೇಡ. ಆದ್ದರಿಂದಲೇ 2017ರ ನವೆಂಬರ್‌ನಲ್ಲಿ ಆರಂಭವಾದ ಭಾರತ ಅಧಿಕ ರಕ್ತದೊತ್ತಡ ನಿಯಂತ್ರಣ ಉಪಕ್ರಮವು ಬಳ್ಳಾರಿ ಮಾದರಿಯನ್ನು ನೆನಪಿಸುವ ಮಾರ್ಗ ಹಿಡಿಯಿತು: ಕೆಲವೇ ಔಷಧಗಳ ಸರಳ ಕ್ರಮ, ಔಷಧದ ನಿರಂತರ ದಾಸ್ತಾನು, ವೈದ್ಯರೊಡನೆ ಶುಶ್ರೂಷಾಧಿಕಾರಿ ಮತ್ತು ಸಮುದಾಯ ಆರೋಗ್ಯಾಧಿಕಾರಿಗಳ ಪಾಲು, ಮನೆಗೆ ಹತ್ತಿರದ ಉಪಕೇಂದ್ರದಲ್ಲಿ 30 ದಿನಗಳ ಮಾತ್ರೆ, ಪ್ರತಿ ರೋಗಿಯ ದಾಖಲೆ. ಆಮ್ಲೊಡಿಪಿನ್, ಟೆಲ್ಮಿಸಾರ್ಟನ್, ಕ್ಲೋರ್‌ಥಾಲಿಡೋನ್ ಎಂಬ ಮೂರು ಹೆಸರುಗಳ ಸುತ್ತ ಈ ಕ್ರಮ ರಚನೆಯಾಗಿದೆ. ಬಹುತೇಕ ರೋಗಿಗಳಿಗೆ ಗುರಿ 140/90ಕ್ಕಿಂತ ಕಡಿಮೆ. ಮಾತ್ರೆ ಆರಂಭಿಸಿದಷ್ಟಕ್ಕೆ ಕೆಲಸ ಮುಗಿಯದು. ಗುರಿ ಮುಟ್ಟಿದೆಯೇ ಎಂದು ನೋಡಿ, ಮುಟ್ಟದಿದ್ದರೆ ಮುಂದಿನ ಮೆಟ್ಟಿಲು ಏರಬೇಕು. ಹಳೆಯ ಚೀಟಿಯಲ್ಲಿದ್ದ ಮಾತ್ರೆಯನ್ನೇ ವರ್ಷಗಟ್ಟಲೆ 'ಅದೇ ಮುಂದುವರಿಸಿ' ಎಂದು ಬರೆಯುವುದು ಸಾಮಾನ್ಯವಾಗಿ ಕಂಡುಬರುವ ದೋಷ. ಹೊಸ ಔಷಧ ತಿಳಿಯದಿರುವುದಕ್ಕಿಂತಲೂ ಇದು ಹೆಚ್ಚು ಹಾನಿ ಮಾಡುತ್ತದೆ.

ಅಳತೆಯ ವಿಷಯವನ್ನೂ ಇಲ್ಲಿ ಹೇಳಬೇಕು. ರೋಗಿಯು ಐದು ನಿಮಿಷ ಸುಮ್ಮನೆ ಕುಳಿತು, ಬೆನ್ನಿಗೂ ತೋಳಿಗೂ ಆಸರೆ ಇದ್ದು, ಮಾತನಾಡದೆ ಇರುವಾಗ ತೋಳಿಗೆ ಸರಿಹೊಂದುವ ಪಟ್ಟಿ ಕಟ್ಟಿ ಎರಡು ಬಾರಿ ಅಳೆಯಬೇಕು. ಬಸ್ಸಿನಿಂದ ಇಳಿದು ಬಂದವರನ್ನು ನಿಲ್ಲಿಸಿಕೊಂಡೇ ಅಂಗಿಯ ಮೇಲೆ ಪಟ್ಟಿ ಸುತ್ತಿ ಬರೆದ ಅಂಕಿ ರೋಗಿಯದಲ್ಲ, ಗಡಿಬಿಡಿಯದು. ಐದು ನಿಮಿಷ ಕೂರಲು ನೆರಳಿನಲ್ಲಿ ಎರಡು ಬೆಂಚು ಬೇಕು. ಬೆಂಚು ಒದಗಿಸುವುದು ಪಂಚಾಯಿತಿಯಿಂದ ಆಗುವ ಕೆಲಸ.

ಒಂದೇ ಪಠ್ಯ, ನಾಲ್ಕು ಊರು

ರಾಷ್ಟ್ರೀಯ ಮಾರ್ಗಸೂಚಿ ಎಲ್ಲರಿಗೂ ಒಂದೇ. ಆದರೆ ವೈದ್ಯರು ಕಲಿತದ್ದನ್ನು ಊರಿಗೆ ತಕ್ಕಂತೆ ಅನ್ವಯಿಸಬೇಕಾಗುತ್ತದೆ. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದಾಗ ಹೊಸಪೇಟೆ, ಹಂಪಿ ಈ ಕಡೆ ಬಂದು, ಸಂಡೂರು, ಕಂಪ್ಲಿ ಬಳ್ಳಾರಿಯಲ್ಲಿಯೇ ಉಳಿದವು. ರೋಗಿಗಳ ಓಡಾಟಕ್ಕೆ ಈ ಗಡಿ ಇಲ್ಲ. ಕಂಪ್ಲಿಯ ರೋಗಿ ಹೊಸಪೇಟೆಗೆ ಬರುತ್ತಾರೆ, ಹೊಸಪೇಟೆಯವರು ಬಳ್ಳಾರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಹೋಗುತ್ತಾರೆ.

ಸಂಡೂರಿನ ಗಣಿ ಪ್ರದೇಶದಲ್ಲಿ ದೀರ್ಘಕಾಲದ ಕೆಮ್ಮು ಎಂದರೆ ಹಲವು ಸಾಧ್ಯತೆಗಳು. ಕ್ಷಯ ಇರಬಹುದು, ಬೀಡಿ ಅಥವಾ ಒಲೆಯ ಹೊಗೆಯಿಂದ ಬಂದ ಶ್ವಾಸನಾಳದ ಕಾಯಿಲೆ ಇರಬಹುದು, ಗಟ್ಟಿ ಬಂಡೆ ಕೊರೆಯುವ ಕೆಲಸದಲ್ಲಿ ಸಿಲಿಕಾ ದೂಳು ಸೇರಿ ಉಂಟಾದ ಸಿಲಿಕೋಸಿಸ್ ಇರಬಹುದು. ಮೂರೂ ಮೊದಲಿಗೆ ಕೆಮ್ಮಾಗಿಯೇ ಕಾಣಿಸುತ್ತವೆ. ಸಿಲಿಕೋಸಿಸ್ ಇದ್ದವರಿಗೆ ಕ್ಷಯ ತಗಲುವ ಸಂಭವ ಹೆಚ್ಚು. ಮಧುಮೇಹ ಇದ್ದವರಿಗೂ ಹಾಗೆಯೇ. ಆದ್ದರಿಂದ ವೈದ್ಯರು ಕೇಳಬೇಕಾದ ಮೊದಲ ಪ್ರಶ್ನೆ 'ಯಾವ ಕೆಲಸ ಮಾಡುತ್ತೀರಿ, ಎಷ್ಟು ವರ್ಷದಿಂದ' ಎಂಬುದು. ಹೊರರೋಗಿ ಚೀಟಿಯಲ್ಲಿ ಉದ್ಯೋಗದ ಕಲಂ ಖಾಲಿ ಉಳಿಯುವುದುಂಟು. ಅದು ಖಾಲಿ ಉಳಿದಷ್ಟು ಕಾಲ ಕೆಮ್ಮಿನ ಔಷಧದ ಬಾಟಲಿಯೇ ಚಿಕಿತ್ಸೆ ಎನಿಸಿಕೊಳ್ಳುತ್ತದೆ. ಸಿಲಿಕೋಸಿಸ್ ಕಾನೂನಿನಂತೆ ವರದಿ ಮಾಡಲೇಬೇಕಾದ ಔದ್ಯೋಗಿಕ ಕಾಯಿಲೆ. ಗಣಿ ಬಾಧಿತ ಪ್ರದೇಶಗಳ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯಲ್ಲಿ ಆರೋಗ್ಯವು ಆದ್ಯತೆಯ ವಿಷಯವಾಗಿರುವುದರಿಂದ, ಉಸಿರಾಟದ ಸಾಮರ್ಥ್ಯ ಅಳೆಯುವ ಉಪಕರಣ ಮತ್ತು ಅದನ್ನು ಬಳಸುವ ತರಬೇತಿಗೆ ಅಲ್ಲಿನ ಗ್ರಾಮ ಪಂಚಾಯಿತಿಗಳು ಬೇಡಿಕೆ ಸಲ್ಲಿಸಲು ಅವಕಾಶವಿದೆ.

ಕಂಪ್ಲಿಯ ಕಾಲುವೆ ನೀರಾವರಿಯ ಗದ್ದೆಗಳಲ್ಲಿ ವಿಷಯ ಬೇರೆ. ಹತ್ತು ವರ್ಷದಿಂದ ಮಧುಮೇಹವಿರುವ, ಬರಿಗಾಲಿನಲ್ಲಿ ಭತ್ತದ ಗದ್ದೆಗಿಳಿಯುವ ಒಬ್ಬ ರೈತರನ್ನು ಊಹಿಸಿಕೊಳ್ಳೋಣ. ಪಾದದ ಸ್ಪರ್ಶಜ್ಞಾನ ಕುಂದಿರುವುದರಿಂದ ಕೂಳೆ ಚುಚ್ಚಿದ್ದು ಅವರಿಗೆ ತಿಳಿಯುವುದಿಲ್ಲ. ಗಾಯ ಕೊಳೆತು ವಾಸನೆ ಬಂದಾಗ ಆಸ್ಪತ್ರೆಗೆ ಬರುತ್ತಾರೆ. ಆ ವೇಳೆಗೆ ಬೆರಳು, ಕೆಲವೊಮ್ಮೆ ಪಾದವೇ ಹೋಗುವ ಸ್ಥಿತಿ ಇರುತ್ತದೆ. ವರ್ಷಕ್ಕೊಮ್ಮೆಯಾದರೂ ಪಾದ ಮುಟ್ಟಿ ಪರೀಕ್ಷಿಸುವುದು, ಮೂತ್ರದಲ್ಲಿ ಪ್ರೋಟೀನ್ ನೋಡುವುದು, ಕಣ್ಣಿನ ಒಳಪದರ ತೋರಿಸಲು ಕಳುಹಿಸುವುದು ಮಧುಮೇಹ ಚಿಕಿತ್ಸೆಯ ಅವಿಭಾಜ್ಯ ಭಾಗ. ಸಕ್ಕರೆಯ ಅಂಕಿಯೊಂದನ್ನೇ ನೋಡಿ ಮಾತ್ರೆ ಬರೆದರೆ ಈ ಮೂರೂ ತಪ್ಪಿಹೋಗುತ್ತವೆ. ಇದೇ ಗದ್ದೆಗಳಲ್ಲಿ ಹಾವು ಕಡಿತದ ಅಪಾಯವೂ ಇದೆ. ಅದನ್ನು ಕರ್ನಾಟಕ ಸರ್ಕಾರ 2024ರಲ್ಲಿ ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದೆ. ಸ್ವಚ್ಛ, ಒಣ ಗಾಜಿನ ನಳಿಕೆಯಲ್ಲಿ ಸ್ವಲ್ಪ ರಕ್ತ ಹಾಕಿ 20 ನಿಮಿಷ ಅಲುಗಾಡಿಸದೆ ಇಟ್ಟು, ಹೆಪ್ಪುಗಟ್ಟಿದೆಯೇ ಎಂದು ನೋಡುವ ಪರೀಕ್ಷೆಗೆ ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ಬೇಕಾದದ್ದು ಅದನ್ನು ಮಾಡಬೇಕೆಂಬ ನೆನಪು.

ಹಂಪಿಯ ಸುತ್ತ ಬೇಸಿಗೆಯಲ್ಲಿ ಬಂಡೆಗಳ ನಡುವೆ ದುಡಿಯುವವರು, ಮಾರ್ಗದರ್ಶಿಗಳು, ಬೀದಿ ವ್ಯಾಪಾರಿಗಳು ಇದ್ದಾರೆ. ಮೂತ್ರ ಹೆಚ್ಚಿಸುವ ಬಗೆಯ ರಕ್ತದೊತ್ತಡದ ಮಾತ್ರೆ ಸೇವಿಸುವ ಹಿರಿಯರಿಗೆ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ನೀರಿನಂಶ ಕಡಿಮೆಯಾಗಿ ತಲೆಸುತ್ತು ಬರಬಹುದು. ಅವರು ಬೆದರಿ ಮಾತ್ರೆಯನ್ನೇ ಬಿಟ್ಟುಬಿಡುತ್ತಾರೆ. ಬೇಸಿಗೆಗೆ ಮುನ್ನ ಪ್ರಮಾಣವನ್ನು ಪರಿಶೀಲಿಸುವುದು ವೈದ್ಯರ ಕೆಲಸ. ವೈದ್ಯರನ್ನು ಕೇಳದೆ ಬಿಡಬಾರದೆಂದು ಹೇಳುವುದು ಆಶಾ ಕಾರ್ಯಕರ್ತೆಯರ ಕೆಲಸ.

ಹೊಸಪೇಟೆಗೆ ಆಸ್ಪತ್ರೆಗಳು ಹತ್ತಿರ. ಅಲ್ಲಿನ ಹಳ್ಳಿಗಳ ಪ್ರಶ್ನೆ ದೂರಕ್ಕಿಂತ ಸಮಯದ್ದು. ಎದೆನೋವು ಬಂದವರಿಗೆ ಗ್ಯಾಸ್ಟ್ರಿಕ್ ಎಂದು ಮಾತ್ರೆ ಕೊಟ್ಟು ಕಳುಹಿಸುವುದೋ, ಇಸಿಜಿ ಮಾಡುವುದೋ ಎಂಬ ಒಂದು ನಿರ್ಧಾರದಲ್ಲಿ ಜೀವ ಇರುತ್ತದೆ. ರಕ್ತ ಹೆಪ್ಪನ್ನು ಕರಗಿಸುವ ಚುಚ್ಚುಮದ್ದು ಮೊದಲ ಕೆಲವು ಗಂಟೆಗಳಲ್ಲಿ ಕೊಟ್ಟಷ್ಟೂ ಹೆಚ್ಚು ಫಲಕಾರಿ. ಜಯದೇವ ಹೃದ್ರೋಗ ಸಂಸ್ಥೆಯ ತಜ್ಞರು ದೂರದಿಂದಲೇ ಇಸಿಜಿ ನೋಡಿ ಸಲಹೆ ನೀಡುವ, ಆ ದುಬಾರಿ ಚುಚ್ಚುಮದ್ದನ್ನು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಕೊಡುವ ಪುನೀತ್ ರಾಜಕುಮಾರ್ ಹೃದಯ ಜ್ಯೋತಿ ಯೋಜನೆ 2023ರಲ್ಲಿ ಆರಂಭವಾಯಿತು. ತಮ್ಮ ಕೇಂದ್ರದಿಂದ ಈ ಸೌಲಭ್ಯವಿರುವ ಹತ್ತಿರದ ಆಸ್ಪತ್ರೆ ಯಾವುದೆಂದು ಪ್ರತಿ ಕೇಂದ್ರದ ಗೋಡೆಯ ಮೇಲೆ ಬರೆದಿರಬೇಕು. ವೈದ್ಯರಷ್ಟೇ ಅಲ್ಲ, ರಾತ್ರಿ ಪಾಳಿಯ ಸಿಬ್ಬಂದಿಗೂ ಅದು ಬಾಯಿಪಾಠವಾಗಿರಬೇಕು.

ವೈದ್ಯರು ಇಂದು ಎಲ್ಲಿ ಕಲಿಯುತ್ತಾರೆ

ವೈದ್ಯರ ವೃತ್ತಿಪರ ನಡತೆಯ ಕುರಿತ 2002ರ ನಿಯಮಾವಳಿಯು ಐದು ವರ್ಷಗಳಲ್ಲಿ ಕನಿಷ್ಠ 30 ಗಂಟೆಗಳ ನಿರಂತರ ವೈದ್ಯಕೀಯ ಶಿಕ್ಷಣ ಪಡೆಯಬೇಕೆಂದು ಹೇಳುತ್ತದೆ. ವರ್ಷಕ್ಕೆ ಸರಾಸರಿ 6 ಗಂಟೆ. ಒಂದು ದಿನದ ಸಮ್ಮೇಳನದಲ್ಲಿ ಕುಳಿತು ಎದ್ದರೆ ಲೆಕ್ಕ ತುಂಬುತ್ತದೆ. ಕಲಿಕೆ ತುಂಬುತ್ತದೆ ಎನ್ನಲಾಗದು.

ಇದಕ್ಕಿಂತ ಉಪಯುಕ್ತವಾದ ದಾರಿಗಳು ಈಗ ತೆರೆದಿವೆ. ವೈದ್ಯಕೀಯ ಸಂಶೋಧನಾ ಮಂಡಳಿಯು 2019ರಿಂದ ಸಾಮಾನ್ಯ ಕಾಯಿಲೆಗಳಿಗೆ ಒಂದೊಂದು ಪುಟದ ಪ್ರಮಾಣಿತ ಚಿಕಿತ್ಸಾ ಕ್ರಮಗಳನ್ನು ಪ್ರಕಟಿಸುತ್ತಿದೆ. ಯಾವ ಹಂತದ ಆಸ್ಪತ್ರೆಯಲ್ಲಿ ಏನು ಮಾಡಬೇಕು, ಯಾವಾಗ ಮುಂದಕ್ಕೆ ಕಳುಹಿಸಬೇಕು ಎಂಬುದು ಅದರಲ್ಲಿ ಚಿತ್ರರೂಪದಲ್ಲಿದೆ. 2023ರ ಮೇ 17ರಂದು, ವಿಶ್ವ ಅಧಿಕ ರಕ್ತದೊತ್ತಡ ದಿನದಂದು, ಪ್ರಾಥಮಿಕ ಆರೋಗ್ಯ ಕೇಂದ್ರಗಳ 40 ಸಾವಿರ ವೈದ್ಯಾಧಿಕಾರಿಗಳಿಗೆ ಅಸಾಂಕ್ರಾಮಿಕ ರೋಗಗಳ ಚಿಕಿತ್ಸಾ ಕ್ರಮವನ್ನು ಆನ್‌ಲೈನ್ ಮೂಲಕ ಕಲಿಸುವ 'ಸಶಕ್ತ್' ಪೋರ್ಟಲ್‌ಗೆ ಕೇಂದ್ರ ಸರ್ಕಾರ ಚಾಲನೆ ನೀಡಿತು. ಇ-ಸಂಜೀವಿನಿ ಮೂಲಕ ಕೇಂದ್ರದಲ್ಲಿ ಕುಳಿತೇ ತಜ್ಞರ ಸಲಹೆ ಪಡೆಯಬಹುದು.

ಇವುಗಳಲ್ಲಿ ಹೆಚ್ಚು ಗಮನ ಸೆಳೆಯುವುದು ಮತ್ತೆ ನಿಮ್ಹಾನ್ಸ್‌ನ ವಿಧಾನವೇ. ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದಲ್ಲಿ ಯಕೃತ್ತಿನ ತಜ್ಞ ಡಾ. ಸಂಜೀವ್ ಅರೋರಾ 2003ರಲ್ಲಿ ಹೊಸ ಪದ್ಧತಿಯೊಂದನ್ನು ಆರಂಭಿಸಿದರು. ರೋಗಿಗಳನ್ನು ತಮ್ಮಲ್ಲಿಗೆ ಕರೆಸುವ ಬದಲು ಹಳ್ಳಿಯ ವೈದ್ಯರನ್ನು ವಾರಕ್ಕೊಮ್ಮೆ ವಿಡಿಯೊ ಮೂಲಕ ಸೇರಿಸಿ, ಅವರದೇ ರೋಗಿಗಳ ಬಗ್ಗೆ ಚರ್ಚಿಸುತ್ತಿದ್ದರು. 'ಎಕೊ' ಎಂಬ ಈ ಪದ್ಧತಿಯನ್ನು ನಿಮ್ಹಾನ್ಸ್ ಕೂಡ ಅಳವಡಿಸಿಕೊಂಡಿದೆ. ಅದರ ಮುಂದಿನ ಹೆಜ್ಜೆಯಾಗಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಹೊರರೋಗಿಗಳನ್ನು ನೋಡುತ್ತಿರುವಾಗಲೇ ಮನೋವೈದ್ಯರು ವಿಡಿಯೊದಲ್ಲಿ ಜೊತೆಗಿದ್ದು ಕಲಿಸುವ ಕ್ರಮವನ್ನೂ ಕರ್ನಾಟಕದಲ್ಲಿ ನಡೆಸಿದೆ. ವೈದ್ಯರು ಕೇಂದ್ರ ಬಿಡಬೇಕಿಲ್ಲ, ರೋಗಿಯೂ ಕಾಯಬೇಕಿಲ್ಲ. ಬೇಕಾದದ್ದು ತಡೆಯಿಲ್ಲದ ವಿದ್ಯುತ್ ಮತ್ತು ಇಂಟರ್ನೆಟ್. ಗ್ರಾಮ ಪಂಚಾಯಿತಿ ಕಟ್ಟಡದವರೆಗೆ ಭಾರತ್‌ನೆಟ್ ಬಂದು, ಅಲ್ಲಿಂದ ನೂರು ಮೀಟರ್ ದೂರದ ಆರೋಗ್ಯ ಕೇಂದ್ರಕ್ಕೆ ಬಾರದಿರುವ ಊರು ತಮ್ಮದೇ ಆಗಿದೆಯೇ ಎಂದು ಸದಸ್ಯರು ಪರಿಶೀಲಿಸಬೇಕು.

ಪಂಚಾಯಿತಿಯ ಪಾಲು

ಸಂವಿಧಾನದ ಹನ್ನೊಂದನೆಯ ಅನುಸೂಚಿಯ 23ನೆಯ ವಿಷಯ ಆರೋಗ್ಯ ಮತ್ತು ನೈರ್ಮಲ್ಯ. ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರ, ಔಷಧಾಲಯಗಳು ಅದರಲ್ಲಿ ಸೇರಿವೆ. 1993ರ ಪಂಚಾಯತ್ ರಾಜ್ ಅಧಿನಿಯಮದಂತೆ ಗ್ರಾಮ ಪಂಚಾಯಿತಿಯ ಸೌಕರ್ಯಗಳ ಸಮಿತಿಯು ಸಾರ್ವಜನಿಕ ಆರೋಗ್ಯವನ್ನು ನೋಡಿಕೊಳ್ಳಬೇಕು. ಅಧಿಕಾರ ಇದೆ. ಬಳಸುವ ರೀತಿಯಲ್ಲಿ ಮಾತ್ರ ವಿವೇಕ ಬೇಕು.

ಮೊದಲು, ಅರಿವಿಲ್ಲದೆ ಆಗುವ ಹಾನಿ. ವೈದ್ಯರು ತರಬೇತಿಗೆ ಹೋದ ದಿನ 'ಡಾಕ್ಟರು ಇಲ್ಲ' ಎಂಬ ದೂರು ಬರುತ್ತದೆ; ಸದಸ್ಯರು ಜನರ ಪರವಾಗಿ ಮೇಲಧಿಕಾರಿಗಳಿಗೆ ಫೋನ್ ಮಾಡುತ್ತಾರೆ. ಎರಡು ಬಾರಿ ಹೀಗಾದರೆ ಮೂರನೆಯ ತರಬೇತಿಗೆ ಹೋಗಲು ವೈದ್ಯರಿಗೇ ಮನಸ್ಸಾಗುವುದಿಲ್ಲ. ತರಬೇತಿಯ ದಿನವನ್ನು ಮುಂಚಿತವಾಗಿ ತಿಳಿದು ಡಂಗುರ ಸಾರಿಸುವುದು ಅಥವಾ ಊರಿನ ವಾಟ್ಸಾಪ್ ಗುಂಪಿನಲ್ಲಿ ಹಾಕುವುದು, ಅಂದು ಪಕ್ಕದ ಕೇಂದ್ರದ ವ್ಯವಸ್ಥೆ ಏನೆಂದು ತಾಲ್ಲೂಕು ಆರೋಗ್ಯಾಧಿಕಾರಿಗಳಿಂದ ತಿಳಿದು ಜನರಿಗೆ ಹೇಳುವುದು ಕಷ್ಟದ ಕೆಲಸವಲ್ಲ. ಹೇಳದೆ ಗೈರುಹಾಜರಾಗುವುದು ಬೇರೆ, ಕಲಿಯಲು ಹೋಗುವುದು ಬೇರೆ. ಈ ಎರಡನ್ನೂ ಒಂದೇ ದೂರಿನ ಪುಸ್ತಕದಲ್ಲಿ ಬರೆಯಬಾರದು.

ಇನ್ನೊಂದು ಒತ್ತಡ ಜನರಿಂದಲೇ ಬರುತ್ತದೆ. 'ಬರೇ ಗುಳಿಗಿ ಕೊಟ್ರ ಹೆಂಗ ಡಾಕ್ಟ್ರೇ, ಒಂದು ಸೂಜಿ ಹಾಕ್ರಿ' ಎಂಬ ಮಾತು ಈ ಭಾಗದ ಪ್ರತಿ ಕೇಂದ್ರದಲ್ಲೂ ಕೇಳಿಸುತ್ತದೆ. ಸುಸ್ತು ಎಂದವರು ಗ್ಲೂಕೋಸ್ ಹಚ್ಚಲು ಹೇಳುತ್ತಾರೆ. ಮೈಕೈ ನೋವಿಗೆ ಪದೇ ಪದೇ ನೋವುನಿವಾರಕ ಚುಚ್ಚುಮದ್ದು ಕೊಟ್ಟರೆ ರಕ್ತದೊತ್ತಡ ಏರುತ್ತದೆ, ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ. ವೈದ್ಯರು ಹೊಸದನ್ನು ಕಲಿತು ಬಂದು ಸೂಜಿ ನಿರಾಕರಿಸಿದರೆ 'ಈ ಡಾಕ್ಟ್ರ ಕೈಗುಣ ಸರಿ ಇಲ್ಲ' ಎಂಬ ಹೆಸರು ಬರುತ್ತದೆ. ರೋಗಿ ಪದವಿಯಿಲ್ಲದವರ ಬಳಿ ಹೋಗುತ್ತಾರೆ. ಅಂತಹ ಹೊತ್ತಿನಲ್ಲಿ ವಾರ್ಡಿನ ಸದಸ್ಯರು ವೈದ್ಯರ ಪರ ಒಂದು ಮಾತು ಹೇಳಿದರೆ ಅದು ಹತ್ತು ತರಬೇತಿಗಳಷ್ಟು ಬಲ ಕೊಡುತ್ತದೆ. ಸದಸ್ಯರೇ ಶಿಫಾರಸು ಮಾಡಿ ಸೂಜಿ ಹಾಕಿಸುವ ಪದ್ಧತಿ ಇದ್ದಲ್ಲಿ ಮೊದಲು ಅದು ನಿಲ್ಲಬೇಕು.

ದೊಡ್ಡ ಆಸ್ಪತ್ರೆಯಿಂದ ಮರಳಿದ ರೋಗಿಯ ಬಿಡುಗಡೆ ಚೀಟಿ ಸಾಮಾನ್ಯವಾಗಿ ಮನೆಯ ಪೆಟ್ಟಿಗೆ ಸೇರುತ್ತದೆ. ಅದನ್ನು ಊರಿನ ಕೇಂದ್ರದ ವೈದ್ಯರಿಗೆ ತೋರಿಸಬೇಕು. ತಾವು ಕಳುಹಿಸಿದ ರೋಗಿಗೆ ನಿಜವಾಗಿ ಏನಾಗಿತ್ತು, ತಮ್ಮ ಊಹೆ ಸರಿಯಿತ್ತೇ ಎಂದು ತಿಳಿಯುವುದು ವೈದ್ಯರ ಪಾಲಿಗೆ ಯಾವ ಉಪನ್ಯಾಸಕ್ಕಿಂತಲೂ ದೊಡ್ಡ ಪಾಠ. ಆಶಾ ಕಾರ್ಯಕರ್ತೆಯರ ಮೂಲಕ ಇದನ್ನು ರೂಢಿಗೆ ತರಲು ಹಣ ಬೇಡ.

ಬಳ್ಳಾರಿ ಮಾದರಿಯ ಐದನೆಯ ಅಂಶವನ್ನು ಪಂಚಾಯಿತಿ ತನ್ನ ಮಟ್ಟದಲ್ಲಿ ಅನುಸರಿಸಬಹುದು. ಹೊಸ ಸಭೆ ಬೇಕಿಲ್ಲ. ಸೌಕರ್ಯಗಳ ಸಮಿತಿಯ ಅಥವಾ ಆರೋಗ್ಯ ರಕ್ಷಾ ಸಮಿತಿಯ ಈಗಿನ ಸಭೆಯಲ್ಲಿಯೇ ವೈದ್ಯಾಧಿಕಾರಿಗಳನ್ನು ಆಹ್ವಾನಿಸಿ ಮೂರು ತಿಂಗಳಿಗೊಮ್ಮೆ ಕೆಲವು ವಿಷಯ ಕೇಳಿದರೆ ಸಾಕು: ನೋಂದಾಯಿತ ರಕ್ತದೊತ್ತಡ ರೋಗಿಗಳು ಎಷ್ಟು, ಅವರಲ್ಲಿ 140/90ಕ್ಕಿಂತ ಕೆಳಗೆ ಬಂದವರು ಎಷ್ಟು, ಮಾತ್ರೆ ಒಯ್ಯಲು ಬಾರದವರು ಎಷ್ಟು, ಈ ಅವಧಿಯಲ್ಲಿ ಯಾವ ಮಾತ್ರೆ ಎಷ್ಟು ದಿನ ದಾಸ್ತಾನಿನಲ್ಲಿರಲಿಲ್ಲ, ಮಧುಮೇಹಿಗಳಲ್ಲಿ ಎಷ್ಟು ಮಂದಿಯ ಪಾದ ಪರೀಕ್ಷೆ ಆಯಿತು, ವೈದ್ಯರೂ ಸಿಬ್ಬಂದಿಯೂ ಯಾವ ತರಬೇತಿ ಪಡೆದರು, ಅದನ್ನು ನಡೆಸಲು ಏನು ಕೊರತೆ ಇದೆ. ಉತ್ತರ ತೃಪ್ತಿಕರವಲ್ಲದಿದ್ದರೆ ಮೊದಲ ಅನುಮಾನ ವೈದ್ಯರ ಮೇಲೆ ಬರಬಾರದು. ಕಳಚಿರುವ ಕೊಂಡಿ ಔಷಧದ್ದೇ, ಸಿಬ್ಬಂದಿಯದೇ, ಉಪಕರಣದ್ದೇ ಎಂದು ಹುಡುಕಬೇಕು. ಕೆಟ್ಟ ರಕ್ತದೊತ್ತಡ ಮಾಪಕವನ್ನು ಬದಲಿಸುವುದು ಸ್ಥಳೀಯವಾಗಿ ಬಗೆಹರಿಯುತ್ತದೆ. ಔಷಧದ ಕೊರತೆಯನ್ನು ದಿನಾಂಕ ಸಹಿತ ತಾಲ್ಲೂಕು ಆರೋಗ್ಯಾಧಿಕಾರಿಗಳಿಗೂ ಜಿಲ್ಲಾ ಪಂಚಾಯಿತಿಗೂ ಬರೆಯಬೇಕು.

ಉತ್ತರಗಳನ್ನು ನಡಾವಳಿ ಪುಸ್ತಕದಲ್ಲಿ ಅಂಕಿಗಳಾಗಿ ಮಾತ್ರ ದಾಖಲಿಸತಕ್ಕದ್ದು. ಯಾವ ರೋಗಿಯ ಹೆಸರೂ, ಮನೆಯ ಗುರುತೂ ಸಭೆಯಲ್ಲಿ ಬರಕೂಡದು. ಕ್ಷಯ ಮತ್ತು ಮಾನಸಿಕ ಕಾಯಿಲೆಗಳ ವಿಷಯದಲ್ಲಿ, 'ಸಹಾಯ ಮಾಡುವ ಸಲುವಾಗಿ' ಎಂದು ಸದಸ್ಯರು ಕೇಳಿದರೂ, ವೈದ್ಯರು ಹೆಸರು ಹೇಳಬೇಕಾಗಿಲ್ಲ.